ನೆಂಟರಿಲ್ಲದ ಊರುಗಳು

ಹಾಜರಿ ಕರೆದು ಮುಗಿಸಿ ವರ್ಷಾ ಬೋರ್ಡಿನ ಕಡೆ ತಿರುಗಿದ್ದಳು ಅಷ್ಟೇ, ಬಾಗಿಲಲ್ಲಿ ಜಯಮಾಲಾ ಬಂದು ನಿಂತಳು. ಬಸ್‌ಸ್ಟ್ಯಾಂಡಿನಿಂದ ಓಡಿ ಬಂದಿದ್ದಾಳೆ ಅನ್ನುವುದು ಉಸಿರಿನಲ್ಲೇ ತಿಳಿಯುತ್ತಿತ್ತು. ಒಳಗೆ ಬರಲೇ ಎಂದು ಕೇಳಲಿಲ್ಲ. ಕೇಳಿದರೆ ಬರುವ ಉತ್ತರ ಮೊದಲೇ ಗೊತ್ತಿದ್ದವರ ಹಾಗೆ ಚೌಕಟ್ಟಿಗೆ ಭುಜ ಆನಿಸಿ ಸುಮ್ಮನಿದ್ದಳು.

"ಬಾ, ಕೂಡು. ಆದ್ರ ಹಾಜರಿ ಹಾಕಾಕ ಬರಂಗಿಲ್ಲ. ಹೊಸಾ ರೂಲ್ ಅದ, ಗೊತ್ತದಲ್ಲ?"

"ಗೊತ್ತದ ರೀ ಮೇಡಂ. ರೂಲ್ ನೀವೇ ತಂದೀರಿ ಅಂತಾರ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಾ ಯಾಕ ತರ್ಲಿ?"

"ಪ್ರಿನ್ಸಿಪಾಲ್ ಸರ್ ಹೇಳಿದ್ರು ರೀ. ಬಸವಕಲ್ಯಾಣದ ಹುಡ್ಗೇರಿಗಿ ದೂರದಿಂದ ಏನೂ ಫರಕ್ ಬೀಳಂಗಿಲ್ಲ ಅಂತ ವರ್ಷಾ ಮೇಡಂ ಲೆಕ್ಕಾ ಮಾಡಿ ತೋರ್ಸ್ಯಾರ, ಇನ್ಮ್ಯಾಲ ಬಸ್ಸಿನ ನೆಪಾ ಹೇಳಬ್ಯಾಡ್ರಿ ಅಂದ್ರು." ಜಯಮಾಲಾ ಸಿಟ್ಟಿನಿಂದ ಹೇಳಲಿಲ್ಲ, ಬಾಯಿಪಾಠ ಒಪ್ಪಿಸುವವಳಂತೆ ಹೇಳಿದಳು. "ನಮ್ಮೂರಿಂದ ಹುಲಸೂರಿಗಿ ಟಂಟಂ ಆಟೋ, ಹುಲಸೂರಿಂದ ಇಲ್ಲಿಗಿ ಬಸ್. ಎರಡೂ ಸಿಕ್ಕ ದಿನ ಬರ್ತೀನಿ. ಫರಕ್ ಬೀಳಂಗಿಲ್ಲ ಅಂದ್ರ ನಾನೇ ಮೈಗಳ್ಳಿ ಇರಬೇಕು ಬಿಡ್ರಿ."

ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ವರ್ಷಾ ಪಾಠ ಶುರು ಮಾಡಿದಳು. ಏನು ಹೇಳುತ್ತಿದ್ದೇನೆ ಎಂಬುದು ಅವಳಿಗೇ ಕೇಳಿಸುತ್ತಿರಲಿಲ್ಲ.

ಅವಳು ಎಂದೂ ಹಾಗೆ ಬರೆದಿರಲಿಲ್ಲ. 'ಸಣ್ಣ ಪರಿಣಾಮ' ಎಂದು ಬರೆದಿದ್ದಳು. ವರ್ಷಾ ಬಸವಕಲ್ಯಾಣದ ಈ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ಹುಮನಾಬಾದಿನ ಮಹಾರುದ್ರಪ್ಪ ಸರ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ಹಳ್ಳಿಯ ಹುಡುಗಿಯರು ಡಿಗ್ರಿ ಕಾಲೇಜಿಗೆ ಸೇರಿ ಆಮೇಲೆ ಯಾಕೆ ಬರುವುದಿಲ್ಲ ಅನ್ನುವುದು ಅವಳ ವಿಷಯ. ಎರಡು ತಾಲೂಕಿನ ಹುಡುಗಿಯರನ್ನು ಕೇಳಿ, ಎರಡನ್ನೂ ಹೋಲಿಸಿ ಒಂದು ಅಧ್ಯಾಯ ಬರೆದಿದ್ದಳು. ಹುಮನಾಬಾದಿನ ವ್ಯಾಪಾರಸ್ಥರ ಒಂದು ಟ್ರಸ್ಟು ಹುಡುಗಿಯರಿಗಾಗಿ ಒಂದು ಬಸ್ಸು ಓಡಿಸಬೇಕೆಂದುಕೊಂಡಾಗ, ಯಾವ ತಾಲೂಕಿಗೆ ಹೆಚ್ಚು ಅಗತ್ಯ ಎಂದು ಸರ್ ಅವರನ್ನು ಕೇಳಿತು. ಸರ್ ಅದೇ ಅಧ್ಯಾಯದಿಂದ ಒಂದು ವರದಿ ತೆಗೆದು ಕೊಟ್ಟರು. ಅವಳ 'ಸಣ್ಣ ಪರಿಣಾಮ' ವರದಿಯಲ್ಲಿ 'ಗಣನೀಯವಲ್ಲ' ಆಯಿತು. ವರದಿಯ ಪ್ರತಿ ಪ್ರಿನ್ಸಿಪಾಲರ ಮೇಜಿಗೆ ಬರುವ ಹೊತ್ತಿಗೆ 'ಏನೂ ಇಲ್ಲ' ಆಯಿತು. ಬಸ್ಸು ಹುಮನಾಬಾದಿಗೆ ಎಂದು ಹೆಚ್ಚೂಕಡಿಮೆ ಆಗಿಹೋಗಿತ್ತು. ಬರುವ ಸೋಮವಾರ ಕಮಿಟಿ ಕೂತು ಪಕ್ಕಾ ಮಾಡುವುದಷ್ಟೇ ಬಾಕಿ.

ಆ ಮಧ್ಯಾಹ್ನ ಮನೆಗೆ ಬಂದು ಉಣ್ಣದೆ ಲ್ಯಾಪ್‌ಟಾಪ್ ತೆರೆದಳು.

ಪರದೆಯ ಮೇಲೆ ಅವಳ ಲೆಕ್ಕದ ಮಾದರಿ ಬಂತು. ಅಳೆದ ಸಂಗತಿಗಳಿಗೆ ಚೌಕ, ನೇರ ಅಳೆಯಲು ಬಾರದವಕ್ಕೆ ವೃತ್ತ, ಒಂದರಿಂದ ಇನ್ನೊಂದಕ್ಕೆ ಬಾಣ. ದಣಿವು ಒಂದು ವೃತ್ತ, ಮನೆಯವರ ಬೆಂಬಲ ಒಂದು ವೃತ್ತ, ಓದುವ ಆಸೆ ಇನ್ನೊಂದು. 'ದಾರಿಯ ಸಮಯ' ಎಂಬ ಚೌಕದಿಂದ ಒಂದು ಬಾಣ ನೇರವಾಗಿ 'ಗೈರುಹಾಜರಿ'ಗೆ ಹೋಗುತ್ತಿತ್ತು, ಇನ್ನೊಂದು ದಣಿವಿನ ಮೂಲಕ ಸುತ್ತು ಹಾಕಿ ಅಲ್ಲಿಗೇ ಸೇರುತ್ತಿತ್ತು. ನೇರ ದಾರಿಯದೂ ಸುತ್ತು ದಾರಿಯದೂ ಕೂಡಿಸಿದರೆ ಒಟ್ಟು ಪರಿಣಾಮ. ಹುಮನಾಬಾದಿನಲ್ಲಿ ಅದು ಸೊನ್ನೆ ಬಿಂದು ಐದು, ಬಸವಕಲ್ಯಾಣದಲ್ಲಿ ಸೊನ್ನೆ ಬಿಂದು ಒಂದು ನಾಲ್ಕು. ಬಿಂದು ಐದರ ಆಸುಪಾಸು ಬಂದರೆ ದೊಡ್ಡದು, ಬಿಂದು ಮೂರು ಮಧ್ಯಮ, ಬಿಂದು ಒಂದರ ಹತ್ತಿರ ಇದ್ದರೆ ಸಣ್ಣದು ಎಂದು ಎಲ್ಲರೂ ಬಳಸುವ ಒಂದು ರೂಢಿಯಿದೆ. ವರ್ಷಾ ಆ ರೂಢಿಯನ್ನು ಸಂತೆಯ ತಕ್ಕಡಿಯ ಹಾಗೆ ನಂಬಿದ್ದಳು. ಸಂಖ್ಯೆ ಇಟ್ಟಳು, ತಕ್ಕಡಿ ಹೇಳಿದ್ದನ್ನು ಬರೆದಳು.

ಎಷ್ಟು ಸಲ ನೋಡಿದರೂ ಮಾದರಿಯಲ್ಲಿ ತಪ್ಪು ಸಿಗಲಿಲ್ಲ. ದತ್ತಾಂಶಕ್ಕೆ ಚೆನ್ನಾಗಿ ಹೊಂದಿಕೊಂಡಿತ್ತು. ತಪ್ಪು ಸಿಗದಿದ್ದುದೇ ಅವಳಿಗೆ ತಲೆ ಕೆಡಿಸಿತು. ಜಯಮಾಲಾ ಒಬ್ಬಳು ಮೈಗಳ್ಳಿ ಇರಬಹುದು. ಒಬ್ಬಳಿಂದ ಸರಾಸರಿ ಬದಲಾಗುವುದಿಲ್ಲ. ಹೀಗೆ ತನಗೆ ತಾನು ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ, ಚೌಕಟ್ಟಿಗೆ ಆನಿಸಿದ್ದ ಆ ಭುಜ ನೆನಪಾಗಿ ತನ್ನ ಬಗ್ಗೆಯೇ ಅಸಹ್ಯವೆನಿಸಿತು.

ಹೋಲಿಸಲೆಂದು ಪ್ರಮಾಣೀಕರಿಸಿದ ಈ ಸಂಖ್ಯೆಗಳ ಪಕ್ಕದಲ್ಲಿ ತಂತ್ರಾಂಶ ಕಚ್ಚಾ ಸಂಖ್ಯೆಗಳನ್ನೂ ಕೊಡುತ್ತದೆ. ನಿಮಿಷಕ್ಕೆ ನಿಮಿಷ, ದಿನಕ್ಕೆ ದಿನ, ಯಾವ ಅಲಂಕಾರವೂ ಇಲ್ಲದ್ದು. ಅಧ್ಯಾಯದಲ್ಲಿ ಜಾಗ ಸಾಲದೆ ಆ ಸಾಲನ್ನು ಅವಳೇ ತೆಗೆದುಹಾಕಿದ್ದಳು. ಈಗ ಅದನ್ನು ತೆರೆದಳು. ಹುಮನಾಬಾದು: ದಾರಿ ಹತ್ತು ನಿಮಿಷ ಹೆಚ್ಚಾದರೆ ತಿಂಗಳಿಗೆ ಸುಮಾರು ಒಂದು ದಿನ ಹೆಚ್ಚು ಗೈರುಹಾಜರಿ. ಬಸವಕಲ್ಯಾಣ: ದಾರಿ ಹತ್ತು ನಿಮಿಷ ಹೆಚ್ಚಾದರೆ ತಿಂಗಳಿಗೆ ಸುಮಾರು ಒಂದು ದಿನ.

ಅಷ್ಟೇ. ಎರಡೂ ಒಂದೇ.

ಅವಳು ಕುರ್ಚಿಗೆ ಒರಗಿದಳು. ಅಡುಗೆಮನೆಯಲ್ಲಿ ಅವ್ವ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಒಂದೇ ಪರಿಣಾಮ ಒಂದು ಕಡೆ ದೊಡ್ಡದು, ಒಂದು ಕಡೆ ಸಣ್ಣದು ಹೇಗಾಯಿತು ಎಂದು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ, ಯಾವ ಪಠ್ಯದ ಮೊದಲ ಪಾಠದಲ್ಲೂ ಇರುವ ಮಾತು. ಪ್ರಮಾಣೀಕರಿಸುವುದೆಂದರೆ, ಆ ಗುಂಪಿನ ಹುಡುಗಿಯರ ದಾರಿ ಎಷ್ಟು ಹರಡಿದೆಯೋ ಆ ಹರವನ್ನೇ ಅಳತೆಗೋಲು ಮಾಡಿಕೊಳ್ಳುವುದು. ಹುಮನಾಬಾದಿನಲ್ಲಿ ಕಾಲೇಜಿನ ಬಗಲಿಗೇ ಇರುವ ಹುಡುಗಿಯೂ ಇದ್ದಳು, ಗಂಟೆಗಿಂತ ಹೆಚ್ಚು ದಾರಿಯವಳೂ ಇದ್ದಳು, ಕೋಲು ಉದ್ದವಿತ್ತು. ಬಸವಕಲ್ಯಾಣದಲ್ಲಿ ಎಲ್ಲರ ದಾರಿಯೂ ಅರ್ಧ ಗಂಟೆಯ ಆಚೆ ಈಚೆ. ಕೋಲು ಗೇಣುದ್ದ. ಗೇಣುದ್ದದ ಕೋಲಿನಷ್ಟು ದಾರಿ ಹೆಚ್ಚಾದರೆ ಗೈರುಹಾಜರಿ ಎಷ್ಟು ಹೆಚ್ಚಾದೀತು? ಬಾಣದ ಮೇಲಿನ ಸಂಖ್ಯೆ ಸಣ್ಣದಾದದ್ದು ದೂರ ಮುಖ್ಯವಲ್ಲ ಅಂತಲ್ಲ. ದೂರದವರು ಅವಳ ದತ್ತಾಂಶದಲ್ಲೇ ಇರಲಿಲ್ಲ.

ಯಾಕಿರಲಿಲ್ಲ?

ರಾಜೇಶ್ವರದ ಗಯಾಬಾಯಿ ಮೌಶಿ ಪೇಟೆಗೆ ಬಂದವಳು ಆ ಹೊತ್ತಿಗೇ ಮನೆಗೆ ಬಂದಿದ್ದಳು. ಅವ್ವನ ಅಕ್ಕ. ಕ್ಷೇತ್ರಕಾರ್ಯದ ಉದ್ದಕ್ಕೂ ವರ್ಷಾ ಉಳಿದದ್ದು ಇವಳ ಮನೆಯಲ್ಲೇ. ಚೀಲ ಇಳಿಸಿ, ಗೋಡೆಗೊರಗಿ ಕಾಲು ಚಾಚಿ, "ಏನಾ ಹುಡ್ಗಿ, ಕಂಪ್ಯೂಟರಿಗೆ ದೃಷ್ಟಿ ತಗೀಲಾಕತ್ತೀಯೇನು, ಹಂಗ ನೋಡಾಕತ್ತಿದಿ," ಎಂದಳು.

"ಮೌಶಿ, ಹುಲಸೂರ ಕಡಿ ನಮ್ಮವ್ರು ಯಾರೂ ಇಲ್ಲೇನು?"

"ಆ ಕಡಿ? ಯಾರದಾರ ಆ ಕಡಿ." ಮೌಶಿ ಅಡುಗೆಮನೆಯತ್ತ ಕೂಗಿದಳು. "ಏ, ಕೇಳಿದೇನ. ನಿನ್ನ ಮಗಳಿಗಿ ಹುಲಸೂರ ಕಡಿ ವರಾ ಬೇಕಂತ."

"ವರಾ ಅಲ್ಲ, ಮೌಶಿ. ಖರೇನೇ ಕೇಳಾಕತ್ತೀನಿ. ನಾ ಸರ್ವೇಕ್ಕ ಹೋದ ಊರೆಲ್ಲ ಒಂದೇ ಕಡಿ ಅವ. ರಾಜೇಶ್ವರ, ಅದರ ಆಜೂಬಾಜೂ. ಎಲ್ಲಾ ಹೈವೇ ಮ್ಯಾಲೇ."

"ಮತ್ತ ನಮ್ಮ ಸೋಯ್ರಿಕಿ, ಬೀಗರು ನೆಂಟರು ಎಲ್ಲಾ ಅಲ್ಲೇ ಅದಾರಲ್ಲ. ಗುರ್ತಿಲ್ಲದ ಊರಾಗ ಹೆಣ್ಮಗಳು ಹ್ಯಾಂಗ ತಿರುಗ್ತಾಳ ಅಂತ ನಿಮ್ಮವ್ವನೇ ಹೇಳಿದ್ದು, ನಮ್ಮವ್ರು ಇದ್ದ ಊರಿಗೇ ಹೋಗು ಅಂತ."

"ಎಲ್ಲಾ ಸೋಯ್ರಿಕಿ ಒಂದೇ ರೋಡಿನ ಮ್ಯಾಲ ಯಾಕ ಅವ?"

"ನಿಮ್ಮ ಮುತ್ಯಾನ ಹಟಾ." ಮೌಶಿ ಈಗ ನಗಲಿಲ್ಲ. "ಬಸ್ ನಿಲ್ಲದ ಊರಿಗಿ ಮಗಳು ಕೊಡಂಗಿಲ್ಲ ಅಂತಿದ್ದ. ಹೆರಿಗಿ ಬ್ಯಾನಿ ಬಂದ್ರ ಗಾಡಿ ಸಿಗಬೇಕು, ತವರಿಗಿ ಬರಬೇಕಂದ್ರ ಬಸ್ ಸಿಗಬೇಕು. ಜಮೀನು ಎಷ್ಟರೆ ಇರ್ಲಿ, ವರ ರಾಜಾನಂಗ ಇರ್ಲಿ, ಮೊದಲ ಊರಿಗಿ ಬಸ್ ಬರ್ತದೇನು ಕೇಳಾಂವ. ನಾವು ಐದೂ ಮಂದಿ ಅಕ್ಕತಂಗೇರು ಬಸ್ಸಿನ ಊರಾಗೇ ಬಾಳೇ ಮಾಡೀವಿ."

ಮುತ್ಯಾನನ್ನು ವರ್ಷಾ ನೋಡಿದ್ದೇ ಇಲ್ಲ. ಹೆಣ್ಣುಮಕ್ಕಳ ಮೇಲಿನ ಕಾಳಜಿಯಿಂದ ಆ ಮನುಷ್ಯ ದೂರದ ಊರುಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕುತ್ತ ಹೋಗಿದ್ದ. ಉಳಿದ ಊರುಗಳಿಗೆ ಮೊಮ್ಮಗಳು ಹೋಗಿ, ದೂರದಿಂದ ಏನು ತೊಂದರೆ ಎಂದು ಕೇಳಿಕೊಂಡು ಬಂದಿದ್ದಳು. ಹುಮನಾಬಾದ ತಾಲೂಕಿನಲ್ಲಿ ಅವಳಿಗೆ ನೆಂಟರೇ ಇರಲಿಲ್ಲ. ಸರ್ ಅವರ ಕಾಲೇಜಿನ ಜೀಪು ಇತ್ತು, ಜೊತೆಗೆ ಇಬ್ಬರು ವಿದ್ಯಾರ್ಥಿನಿಯರಿದ್ದರು, ಎಲ್ಲ ದಿಕ್ಕಿಗೂ ಹೋಗಿದ್ದಳು. ಹೋಲಿಸಿದ್ದು ಎರಡು ತಾಲೂಕನ್ನಲ್ಲ. ಜೀಪು ಹೋದ ಊರುಗಳನ್ನೂ ಮುತ್ಯಾ ಒಪ್ಪಿದ ಊರುಗಳನ್ನೂ ಹೋಲಿಸಿದ್ದಳು.

ಇದನ್ನು ಯಾರ ಮೇಲೆ ಸಿಟ್ಟು ಮಾಡಿಕೊಂಡು ತೀರಿಸುವುದು ಎಂದು ತಿಳಿಯದೆ, ಮೌಶಿ ಕೊಟ್ಟ ಸೀತಾಫಲವನ್ನು ಸುಮ್ಮನೆ ಹಿಚುಕುತ್ತ ಕೂತಳು.

ಮರುದಿನ ಕ್ಲಾಸು ಮುಗಿಸಿ ಹುಮನಾಬಾದಿಗೆ ಹೋದಳು. ಮಹಾರುದ್ರಪ್ಪ ಸರ್ ವಿಭಾಗದ ಕೋಣೆಯಲ್ಲಿ ಒಬ್ಬರೇ ಇದ್ದರು, ಎದುರಿಗೆ ಉತ್ತರಪತ್ರಿಕೆಯ ಕಟ್ಟು. ಒಳ್ಳೆಯ ಮನುಷ್ಯ. ಶಿಷ್ಯರಿಂದ ಮನೆಗೆಲಸ ಮಾಡಿಸುವವರಲ್ಲ, ಹೆಸರು ಕದಿಯುವವರಲ್ಲ. ಹಾಗಾಗಿಯೇ ಅವರೊಡನೆ ಜಗಳ ಮಾಡುವುದು ಕಷ್ಟ.

"ಸರ್, ಹೋಲಿಕಿ ತಪ್ಪಾಗ್ಯದ."

"ಯಾವ ಹೋಲಿಕಿ?"

"ಎರಡು ತಾಲೂಕಿಂದು. ಪರಿಣಾಮದ ಗಾತ್ರದ್ದು."

ಸರ್ ಪೆನ್ನು ಕೆಳಗಿಡಲಿಲ್ಲ. "ಪ್ರಮಾಣೀಕರಿಸಿದ್ದೇ ಹಾಕೀವಲ್ಲ ತಂಗಿ. ಹೋಲಿಸಾಕಂತೇ ಅದನ್ನ ಪ್ರಮಾಣೀಕರಿಸೋದು."

"ಒಂದೇ ಗುಂಪಿನೊಳಗ ಒಂದು ಬಾಣಕ್ಕ ಇನ್ನೊಂದು ಬಾಣ ಹೋಲಿಸಾಕ ಬರ್ತದ ರೀ. ಎರಡು ಗುಂಪಿನ ನಡುವ ಬರಂಗಿಲ್ಲ. ಹರವು ಬ್ಯಾರೆ ಬ್ಯಾರೆ ಇದ್ರ ಅಳತಿಕೋಲೇ ಬ್ಯಾರೆ ಆಗ್ತದ." ಕಚ್ಚಾ ಸಂಖ್ಯೆಗಳ ಹಾಳೆಯನ್ನು ಅವರ ಮುಂದಿಟ್ಟಳು. "ಇದು ನೋಡ್ರಿ. ಹತ್ತು ನಿಮಿಷಕ್ಕ ಒಂದು ದಿನ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ."

ಸರ್ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹೊರಗೆ ಯಾರೋ ಬೈಕಿಗೆ ಕಿಕ್ ಹೊಡೆಯುತ್ತಿದ್ದರು. ಅದು ಶುರುವಾಗಲಿಲ್ಲ, ಅವರೂ ಬಿಡಲಿಲ್ಲ. ಸರ್ ಅವರಿಗೆ ಅರ್ಥವಾಗಿದೆ ಎಂಬುದು ವರ್ಷಾಳಿಗೆ ಅವರ ಕೈ ನೋಡಿ ತಿಳಿಯಿತು. ಪೆನ್ನಿನ ಮುಚ್ಚಳ ಹಾಕುತ್ತಿದ್ದರು, ತೆಗೆಯುತ್ತಿದ್ದರು.

"ಇದು ನಿನಗ ಆಗಳೇ ತಿಳೀಬೇಕಿತ್ತು," ಎಂದರು ಕೊನೆಗೆ.

"ಹೌದ್ರಿ. ನಿಮಗೂ."

ಬಾಯಿಂದ ಬಂದೇಬಿಟ್ಟಿತು. ಸರ್ ತಲೆ ಎತ್ತಿ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತು.

"ನಾ ಟ್ರಸ್ಟಿನವರಿಗಿ ಜಬಾನ್ ಕೊಟ್ಟೀನಿ, ವರ್ಷಾ. ಅವರ ಸೂರ್ಯಕಾಂತ ಸೇಠಜಿ ಊರೂರಿಗಿ ಹೇಳ್ಕೊಂಡ ಬಂದಾರ, ಬಸ್ ಬರ್ತದ ಅಂತ. ಹುಮನಾಬಾದದ್ದು ಏನು ಸುಳ್ಳಲ್ಲಲ್ಲ? ಅಲ್ಲೂ ಹುಡ್ಗೇರಿಗಿ ತ್ರಾಸ ಅದಲ್ಲ?"

"ಅದ ರೀ. ಅದು ಸುಳ್ಳಂತ ಯಾರಂದ್ರು? ಬಸವಕಲ್ಯಾಣಕ್ಕ ಬೇಕಾಗಿಲ್ಲ ಅನ್ನೋದು ಸುಳ್ಳು."

"ಅಧ್ಯಾಯ ತಿದ್ದಿದ್ರ ಮತ್ತ ದತ್ತಾಂಶ ತರಬೇಕಾಗ್ತದ. ಈ ಸಲ ಸಲ್ಲಿಸಾಕ ಆಗಂಗಿಲ್ಲ. ಎರಡನೇ ಸಲ ಅವಧಿ ಹೆಚ್ಚಿಸಿಕೊಂಡಿದಿ, ಮೂರನೇದು ಕೊಡ್ತಾರೋ ಇಲ್ಲೋ ನನ್ನ ಕೈಯಾಗಿಲ್ಲ. ಇತಿಮಿತಿ ಅಂತ ಕೊನಿಗಿ ಒಂದು ಪ್ಯಾರಾ ಬರದ್ರ ಮುಗೀತು. ಎಲ್ಲಾರೂ ಬರೀತಾರ."

"ಇತಿಮಿತಿ ಯಾರೂ ಓದಂಗಿಲ್ಲ ರೀ ಸರ್."

"ಹಾಂ," ಎಂದರು ಸರ್. "ಅದಕ್ಕೇ ಅಲ್ಲಿ ಬರೀತಾರ."

ಇಬ್ಬರೂ ನಗಲಿಲ್ಲ. ಆಮೇಲೆ ಸರ್ ಸೋಮವಾರ ಕಮಿಟಿಯ ಮುಂದೆ ನೀನೇ ಹೇಳು, ನಾನು ತಡೆಯುವುದಿಲ್ಲ ಎಂದರು. ಅಷ್ಟು ಸಿಕ್ಕಿತು.

ಸೋಮವಾರದವರೆಗೆ ವರ್ಷಾ ಮನಸ್ಸಿನಲ್ಲೇ ಮಾತು ಕಟ್ಟಿದಳು. ಪ್ರಮಾಣೀಕರಣ, ವಿಚಲನೆ, ಗುಣಾಂಕ, ಇವೊಂದೂ ಬರಬಾರದು. ಗಜದ ಮಾತು ಹೇಳಬೇಕು: ಒಂದು ಊರಲ್ಲಿ ಮೂರಡಿ ಗಜ, ಇನ್ನೊಂದರಲ್ಲಿ ಒಂದಡಿ ಗಜ ಇಟ್ಟುಕೊಂಡು ಒಂದೇ ಅರಿವೆಯ ಗಜದ ಬೆಲೆ ಹೋಲಿಸಿದ ಹಾಗೆ. ಅವರು ವ್ಯಾಪಾರಸ್ಥರು, ತಿಳಿಯುತ್ತದೆ. ಬಸ್ಸಿನಲ್ಲಿ ಹುಮನಾಬಾದಿಗೆ ಹೋಗುವಾಗಲೂ ಇದನ್ನೇ ಹೇಳಿಕೊಳ್ಳುತ್ತಿದ್ದಳು. ಕಿಟಕಿಯಾಚೆ ತೊಗರಿ ಹೂಬಿಟ್ಟಿತ್ತು. ರಾಜೇಶ್ವರದಲ್ಲಿ ಕಾಲೇಜಿನ ಹುಡುಗಿಯರು ಗುಂಪಾಗಿ ಹತ್ತಿದರು, ಗದ್ದಲ ಮಾಡಿದರು. ಇವರೆಲ್ಲ ಅವಳ ದತ್ತಾಂಶದವರು. ಒಬ್ಬಳು ಗುರುತು ಹಿಡಿದು ಜಾಗ ಬಿಟ್ಟುಕೊಟ್ಟಳು.

ಕಮಿಟಿ ಕೂತದ್ದು ಸೂರ್ಯಕಾಂತ ಸೇಠಜಿಯ ದಾಲ್‌ಮಿಲ್ಲಿನ ಮೇಲಿನ ಕೋಣೆಯಲ್ಲಿ. ಏಳೆಂಟು ಜನ. ಚಹಾ ಬಂತು, ಭಜಿ ಬಂತು. ಸರ್ ಎರಡು ಮಾತು ಹೇಳಿ ಅವಳತ್ತ ಕೈ ಮಾಡಿದರು. ವರ್ಷಾ ಗಜದ ಮಾತು ಹೇಳಿದಳು. ಚೆನ್ನಾಗಿಯೇ ಹೇಳಿದಳು. ಸೇಠಜಿ ಕಣ್ಣು ಮುಚ್ಚಿ ಕೇಳಿದರು. ನಿದ್ದೆಯಲ್ಲ, ಲೆಕ್ಕ ಕೇಳುವಾಗ ಅವರು ಕೂರುವ ರೀತಿಯೇ ಹಾಗೆ.

"ಅಂದ್ರ ಈಗ ಎರಡೂ ಬರಾಬರ್ ಅಂತೀರಿ, ಬಾಯಿ."

"ಹೌದ್ರಿ. ಪರಿಣಾಮ ಬರಾಬರ್ ಅದ."

"ಬರಾಬರ್ ಇದ್ದ ಮ್ಯಾಲ ಬದಲ್ಸೋದು ಯಾಕ?"

ವರ್ಷಾ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ.

"ಹತ್ತು ನಿಮಿಷದ ಪರಿಣಾಮ ಬರಾಬರ್ ರೀ. ಆದ್ರ ಯಾರಿಗಿ ಎಷ್ಟು ಹತ್ತು ನಿಮಿಷ ಅನ್ನೋದು ಬರಾಬರ್ ಅಲ್ಲ. ಹುಲಸೂರ ದಾಟಿದ ಮ್ಯಾಲಿನ ಊರವು, ಗಡಿ ಕಡಿವು, ಅಲ್ಲಿಂದ ಬರೋ ಹುಡ್ಗೇರಿಗಿ ಹುಮನಾಬಾದದವರಿಗಿಂತ ದಾರಿ ಹೆಚ್ಚಿರಬಹುದು. ಹಂಗಿದ್ರ ಗೈರುಹಾಜರಿನೂ..."

"ಇರಬಹುದೋ, ಅದನೋ?"

"ಇರಬಹುದು ರೀ."

"ಅವರನ್ನ ಕೇಳೀರಿ?"

"ಇಲ್ರಿ."

"ಯಾಕ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸರ್ ಚಹಾದ ಬಶಿಯ ಕಡೆ ನೋಡುತ್ತಿದ್ದರು. ಸ್ಯಾಂಪಲ್ ಆಯ್ಕೆಯ ಇತಿಮಿತಿ ಎಂದು ಹೇಳಬಹುದಿತ್ತು. ಸಮಯದ ಅಭಾವ ಎಂದೂ ಹೇಳಬಹುದಿತ್ತು. ವರ್ಷಾ, "ಅಲ್ಲಿ ನಮ್ಮ ನೆಂಟರು ಯಾರೂ ಇಲ್ರಿ," ಎಂದಳು.

ಕೋಣೆ ನಕ್ಕಿತು. ಕೆಟ್ಟ ನಗುವಲ್ಲ, ಎಲ್ಲರ ಮನೆಯಲ್ಲೂ ನಡೆಯುವ ಮಾತು ಸಭೆಯಲ್ಲಿ ಕೇಳಿಸಿದಾಗ ಬರುವ ನಗು. ಒಬ್ಬರು, "ಹಂಗಾದ್ರ ಬಸ್ ಯಾಕ, ಮೊದಲ ಆ ಕಡಿ ಒಂದು ಸೋಯ್ರಿಕಿ ಮಾಡ್ರಿ," ಎಂದರು. ಸೇಠಜಿಯೂ ನಕ್ಕರು, ಆಮೇಲೆ ಕೈ ಎತ್ತಿ ನಿಲ್ಲಿಸಿದರು.

"ನೋಡ್ರಿ ಬಾಯಿ. ನೀವು ಬಂದು ಖರೆ ಹೇಳಿದ್ರಿ, ಅಚ್ಛಾ ಆತು. ಆದ್ರ ನಮ್ಮ ಕೈಯಾಗ ಬಸ್ ಒಂದು. ಹುಮನಾಬಾದದವರಿಗಿ ತ್ರಾಸ ಅದ ಅನ್ನೋದಕ್ಕ ನಿಮ್ಮ ಹತ್ರ ಲೆಕ್ಕ ಅದ. ಆ ಕಡಿಯವರಿಗಿ ಅದ ಅನ್ನೋದಕ್ಕ ಇಲ್ಲ. ನಾಳಿ ಲೆಕ್ಕ ತಂದ್ರ ನಾಳಿ ನೋಡೋಣು."

ಅವರ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ತಪ್ಪಾದ ಸಂಖ್ಯೆ ಇಟ್ಟಾಗಲೂ ಬಸ್ಸು ಹುಮನಾಬಾದಿಗೆ ಹೋಯಿತು. ಸರಿಯಾದ ಸಂಖ್ಯೆ ಇಟ್ಟಾಗಲೂ ಅಲ್ಲಿಗೇ ಹೋಯಿತು. ಯಾರೂ ಮೋಸ ಮಾಡಲಿಲ್ಲ. ಮೆಟ್ಟಿಲಿಳಿಯುವಾಗ ಮಿಲ್ಲಿನ ಧೂಳು ಗಂಟಲಿಗೆ ಹಿಡಿದು ಕೆಮ್ಮು ಬಂತು. ಸರ್ ನಿಂತು, ಅವಳ ಕೆಮ್ಮು ಮುಗಿಯುವವರೆಗೆ ಕಾದರು. ತಮ್ಮ ಗಾಡಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಇಳಿಯುವಾಗ, "ಅಧ್ಯಾಯ ಏನ್ಮಾಡ್ತಿ?" ಎಂದು ಕೇಳಿದರು.

"ವಾಪಸ್ ತಗೋತೀನ್ರಿ."

ಅವರು ತಲೆಯಾಡಿಸಿದರು. ಹೂಂ ಎಂದೋ, ಬೇಡ ಎಂದೋ ತಿಳಿಯಲಿಲ್ಲ.

ಪ್ರಿನ್ಸಿಪಾಲರ ಹತ್ತಿರವೂ ಹೋದಳು. ಅವರು ಎಲ್ಲ ಕೇಳಿ, ನೋಟೀಸ್ ಹೊರಟಾಗಿದೆ, ಹೊಸ ವರದಿ ಬಂದರೆ ಹೊಸ ನೋಟೀಸ್ ಎಂದರು. ಅಲ್ಲಿಗೆ ಅದೂ ಮುಗಿಯಿತು. ಆ ವಾರ ಪರೀಕ್ಷೆಗೆ ಕೂರಲು ಹಾಜರಿ ಸಾಲದವರ ಹೆಸರು ಫಲಕದ ಮೇಲೆ ಬಂದವು. ಜಯಮಾಲಾಳ ಹೆಸರೂ ಇತ್ತು. ಅವಳು ಬಂದು ನೋಡಲಿಲ್ಲ. ಆ ವಾರದಿಂದ ಅವಳು ಬರುವುದನ್ನೇ ಬಿಟ್ಟಿದ್ದಳು.

"ಹುಲಸೂರ ಆಚಿಗಿ ಹೋಗಿ ಬರ್ತೀನಿ," ಎಂದು ವರ್ಷಾ ಅವ್ವನಿಗೆ ಹೇಳಿದ್ದು ರವಿವಾರ ಮುಂಜಾನೆ, ಚಪ್ಪಲಿ ಮೆಟ್ಟಿಕೊಂಡ ಮೇಲೆ.

"ಯಾರ ಜೋಡಿ?"

"ಒಬ್ಬಾಕಿನೇ."

"ಅಲ್ಲಿ ಯಾರ ಮನ್ಯಾಗ ಇಳೀತಿ?"

"ಯಾರ ಮನ್ಯಾಗೂ ಇಲ್ಲವ್ವಾ."

ಅವ್ವ ಬೇಡ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ಸೆರಗಿನಿಂದ ಕೈ ಒರೆಸುತ್ತ ನಿಂತೇ ಇದ್ದಳು. ವಾದ ಮಾಡಿದ್ದರೆ ವರ್ಷಾ ಗೆಲ್ಲುತ್ತಿದ್ದಳು. ಆ ಮೌನವನ್ನು ಹೊತ್ತುಕೊಂಡೇ ಬಸ್ ಹತ್ತಬೇಕಾಯಿತು.

ಹುಲಸೂರಿನಲ್ಲಿ ಇಳಿದು ಟಂಟಂ ಹುಡುಕಿದಳು. ಸೀಟು ತುಂಬುವವರೆಗೆ ಅದು ಹೊರಡುವುದಿಲ್ಲ. ಡ್ರೈವರ್ ಸಾಜಿದ, ಕಬ್ಬು ಕಡಿಯಲು ಹೋಗುವವರು ಇನ್ನಿಬ್ಬರು ಬಂದರೆ ಬಿಡುತ್ತೇನೆ ಎಂದ. ಅವರು ಬಂದ ಮೇಲೆ ಇನ್ನೊಬ್ಬರು ಬರಲಿ ಎಂದ. ವರ್ಷಾ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕಾದಳು. ಕಾಯುತ್ತ ಕಾಯುತ್ತ ಮೊದಲು ಬೇಸರವಾಯಿತು, ಆಮೇಲೆ ಸಿಟ್ಟು ಬಂತು, ಕೊನೆಗೆ ಎರಡೂ ಹೋಗಿ ಬರೀ ಕೂತಿದ್ದಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಊರು ಮುಟ್ಟಿದಳು.

ಜಯಮಾಲಾಳ ಮನೆ ತೋರಿಸಿ ಎಂದಾಗ, ಕಟ್ಟೆಯ ಮೇಲಿದ್ದ ಗಂಡಸರು ಅವಳನ್ನೂ ಅವಳ ಚೀಲವನ್ನೂ ನೋಡಿ, ಬ್ಯಾಂಕಿನವಳೇನು ಎಂದು ಕೇಳಿದರು. ಅಲ್ಲ ಎಂದಳು. ಹಾಗಾದರೆ ಯಾರು ಎಂಬುದಕ್ಕೆ ಕಾಲೇಜಿನವಳು ಎಂದಳು. ಅಷ್ಟಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ, ಆದರೂ ಒಬ್ಬ ಕೈ ಮಾಡಿ ತೋರಿಸಿದ.

ಜಯಮಾಲಾ ಅಂಗಳದಲ್ಲಿ ಸೋಯಾ ಹಸನು ಮಾಡುತ್ತಿದ್ದಳು. ಮೊರ ಬೀಸುವುದನ್ನು ನಿಲ್ಲಿಸದೆ ನೋಡಿದಳು. ಮೋರೆಯ ಮೇಲೆ ಹೊಟ್ಟಿನ ಧೂಳು ಕೂತಿತ್ತು.

"ಬರ್ರಿ ಮೇಡಂ," ಎಂದಳು. ಒಳಗೆ ಕರೆಯಲಿಲ್ಲ. ವರ್ಷಾ ನೆರಳಿರುವ ಕಡೆ ಕಲ್ಲಿನ ಮೇಲೆ ಕೂತಳು. ಒಳಗಿನಿಂದ ಜಯಮಾಲಾಳ ತಾಯಿ ನೀರು ತಂದುಕೊಟ್ಟು ಹೋದಳು.

ರಾಶಿ ಮುಗಿಯುವವರೆಗೆ ವರ್ಷಾ ಕಾದಳು. ಕಾಳು ಬೀಳುವ ಸದ್ದು, ನಡುನಡುವೆ ಕೋಳಿ ಕೆದರುವ ಸದ್ದು. ಸುಮ್ಮನಿರುವುದು ವರ್ಷಾಳಿಗೆ ಹೊಸತಲ್ಲ, ಅದು ಅವಳ ಸ್ವಭಾವ. ಆದರೆ ಇಲ್ಲಿಯ ಮೌನ ತನ್ನದಲ್ಲ, ಇದನ್ನು ತಾನು ಮುರಿಯಬಾರದು ಎನ್ನಿಸಿತು.

ಜಯಮಾಲಾ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು.

"ಯಾಕ ಬಂದ್ರಿ ಹೇಳ್ರಿ."

"ನಾ ಬರದದ್ದು ತಪ್ಪಿತ್ತು. ಈ ಕಡಿ ಊರವ್ರನ್ನ ನಾ ಕೇಳೇ ಇರ್ಲಿಲ್ಲ. ಈಗ ಕೇಳಾಕ ಬಂದೀನಿ."

"ಕೇಳಿದ್ರ ಬಸ್ ಬರ್ತದೇನ್ರಿ?"

"ಗೊತ್ತಿಲ್ಲ. ಈಗಿರೋ ಬಸ್ ಹುಮನಾಬಾದಕ್ಕ ಹೋತು. ಮುಂದ ಇನ್ನೊಂದು ಬರಬಹುದು, ಬರದೇನೂ ಇರಬಹುದು."

"ನನ್ನ ಪರೀಕ್ಷಿ?"

"ಅದು ಆಗಂಗಿಲ್ಲ. ಕೇಳಿ ನೋಡಿದೆ."

ಜಯಮಾಲಾ ಸ್ವಲ್ಪ ಹೊತ್ತು ಅವಳನ್ನು ನೋಡಿದಳು. ಹೂಂ, ಇಷ್ಟಾದರೂ ನೆಟ್ಟಗೆ ಹೇಳಿದಳಲ್ಲ ಎಂಬಂತಿತ್ತು ಆ ನೋಟ. ಅಥವಾ ವರ್ಷಾ ಹಾಗೆ ಅಂದುಕೊಂಡಳು.

"ಕೇಳ್ರಿ ಮತ್ತ. ಇಷ್ಟು ದೂರ ಬಂದೀರಿ."

ವರ್ಷಾ ಪ್ರಶ್ನೆಗಳ ಹಾಳೆ ತೆಗೆದಳು. ಎಲ್ಲ ಊರುಗಳಲ್ಲೂ ಕೇಳಿದ ಅದೇ ಹಾಳೆ, ಮೊದಲನೆಯದು ಅದೇ ಪ್ರಶ್ನೆ.

"ಮನೆಯಿಂದ ಕಾಲೇಜಿಗೆ ತಲುಪಲು ಎಷ್ಟು ಸಮಯ ಹಿಡಿಯುತ್ತದೆ?"

"ಯಾವ ದಿನದ್ದು ಹೇಳ್ಲಿ?"

"ಯಾವ ದಿನದ್ದಂದ್ರ?"

"ಕಾಲೇಜು ಮುಟ್ಟಿದ ದಿನದ್ದೋ, ಮುಟ್ಟದ ದಿನದ್ದೋ? ಹುಲಸೂರತನಾ ಹೋಗಿ, ಬಸ್ ತಪ್ಪಿಸ್ಕೊಂಡು, ಮಧ್ಯಾಹ್ನತನಾ ನಿಂತು ಹೊಳ್ಳಿ ಬಂದ ದಿನಾ ಬಾಳ ಅವ. ಅದು ಎಷ್ಟು ನಿಮಿಷ ಅಂತ ಬರಕೋತೀರಿ?"

ವರ್ಷಾ ಹಾಳೆಯನ್ನು ನೋಡಿದಳು. ಪ್ರಶ್ನೆಯ ಮುಂದೆ ನಿಮಿಷ ಎಂಬ ಪದ, ಅದರ ಹಿಂದೆ ಒಂದು ಸಣ್ಣ ಖಾಲಿ ಜಾಗ. ಹುಮನಾಬಾದಿನ ದೂರದ ಊರುಗಳಲ್ಲೂ ಯಾರೂ ಹೀಗೆ ಕೇಳಿರಲಿಲ್ಲ. ಕೇಳಿದ್ದರೋ ಏನೋ, ಜೀಪು ಕಾಯುತ್ತಿತ್ತು. ಹತ್ತು ನಿಮಿಷಕ್ಕೆ ಒಂದು ದಿನ ಎಂದು ಸಭೆಯಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದ ಮಾತು ಈಗ ಅವಳಿಗೆ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ.

ಹಾಳೆಯನ್ನು ಮಗುಚಿ ಹಿಂಬದಿಯ ಖಾಲಿ ಮಗ್ಗುಲನ್ನು ಮೇಲೆ ಮಾಡಿದಳು.

"ಮೊದಲು ಮುಟ್ಟದ ದಿನದ್ದು ಹೇಳು," ಎಂದಳು.